ನನ್ನ ಹೆಸರಿನ ಸಾಲಗಾರ

ಹೆಸರು ನಮ್ಮದು; ಆದರೆ ಅದನ್ನು ನಮಗಿಂತ ಹೆಚ್ಚಾಗಿ ಬಳಸುವವರು ಇತರರು. ನಾಮಕರಣದ ದಿನ ಕಿವಿಯಲ್ಲಿ ಉಸುರಿದ ಆ ಮೂರು ನಾಲ್ಕು ಅಕ್ಷರಗಳನ್ನು ಮಗು ಕೇಳಿಸಿಕೊಂಡಿತೋ ಇಲ್ಲವೋ ಬಲ್ಲವರಾರು? ಆದರೆ ಅಂದಿನಿಂದ ಅದನ್ನು ಅಮ್ಮ ಕೂಗುತ್ತಾಳೆ, ಅಜ್ಜಿ ಕೂಗುತ್ತಾಳೆ, ಮೇಷ್ಟರು ಕೂಗುತ್ತಾರೆ. ಅನಂತರ ಹಾಜರಿ ಪುಸ್ತಕ, ಪಡಿತರ ಚೀಟಿ, ಮತದಾರರ ಪಟ್ಟಿ, ಬ್ಯಾಂಕಿನ ಪಾಸುಪುಸ್ತಕಗಳೆಲ್ಲ ಒಂದೊಂದಾಗಿ ಅದನ್ನು ಬರೆದುಕೊಳ್ಳುತ್ತವೆ. ಹೀಗೆ ಊರೆಲ್ಲ ಕೈಯಾಡಿಸುವ ವಸ್ತುವೊಂದನ್ನು ಯಾರಾದರೂ ಕದ್ದರೆ ಕಳೆದುಕೊಂಡವನಿಗೆ ತಿಳಿಯುವುದಾದರೂ ಹೇಗೆ? ಕೊಡೆ ಕಳೆದರೆ ಮಳೆ ಬಂದಾಗ ತಿಳಿಯುತ್ತದೆ. ಚಪ್ಪಲಿ ಕಳೆದರೆ ದೇವಸ್ಥಾನದ ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಹೆಸರು ಕಳುವಾದಾಗ ಮಾತ್ರ ಅದು ನಮ್ಮ ಬಳಿಯಲ್ಲಿಯೇ ಇರುತ್ತದೆ. ಕರೆದರೆ ಓಗೊಡುತ್ತೇವೆ, ಕೇಳಿದಲ್ಲಿ ಸಹಿ ಹಾಕುತ್ತೇವೆ. ಅದೇ ಹೆಸರು ಮತ್ತೊಬ್ಬನ ಬಳಿಯಲ್ಲಿಯೂ ಇದೆಯೆಂಬ ಸಂಗತಿ ಎಷ್ಟೋ ತಿಂಗಳುಗಳ ಮೇಲೆ, ಅದೂ ಮೂರನೆಯವರ ಬಾಯಿಂದ, ನಮಗೆ ತಿಳಿದುಬರುತ್ತದೆ.

ನಮ್ಮ ಪುರಾಣಗಳಿಗೆ ಈ ವಿದ್ಯೆ ಹೊಸದಲ್ಲ. ದಮಯಂತಿಯ ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಾಳಿ ಅವನ ಪಕ್ಕದಲ್ಲಿ ಕುಳಿತರು. ಹೂಮಾಲೆ ಹಿಡಿದು ಬಂದ ಆ ಹೆಣ್ಣಿಗೆ ಐವರು ನಳರು ಕಾಣಿಸಿದರು. ಅವಳ ಪ್ರಾರ್ಥನೆಗೆ ಕರಗಿ ದೇವತೆಗಳು ತಮ್ಮ ತಮ್ಮ ಲಕ್ಷಣಗಳನ್ನು ತೋರಿದ ಮೇಲೆಯೇ ಅವಳಿಗೆ ನಿಜವಾದ ನಳ ದೊರೆತದ್ದು. ದೇವತೆಗಳಿಗೆ ಬೆವರಿಲ್ಲ, ನೆರಳಿಲ್ಲ, ಕಣ್ಣು ಮಿಟುಕುವುದಿಲ್ಲ; ನಳನಿಗಾದರೋ ಮೈ ತುಂಬ ಧೂಳು, ಹಣೆಯಲ್ಲಿ ಬೆವರು, ಕೊರಳಲ್ಲಿ ಬಾಡಿದ ಮಾಲೆ. ಈಗಿನ ಕಾಲದ ಕಪಟ ನಳರಿಂದ ಅಂಥ ದಾಕ್ಷಿಣ್ಯವನ್ನು ನಿರೀಕ್ಷಿಸುವಂತಿಲ್ಲ. ಅಷ್ಟೇ ಅಲ್ಲ, ಇಂದಿನ ಸ್ವಯಂವರ ನಡೆಯುವುದು ಕಾಗದದ ಮೇಲೆ, ಗಣಕಯಂತ್ರದ ಒಳಗೆ. ಅಲ್ಲಿ ಯಾರ ಬೆವರೂ ಕಾಣುವುದಿಲ್ಲ.

ಇಷ್ಟು ಪೀಠಿಕೆಗೆ ಕಾರಣವಾದ ಸಂಗತಿಯನ್ನು ಹೇಳುತ್ತೇನೆ. ಮೈಸೂರಿನಲ್ಲಿ ಬಾಡಿಗೆ ಮನೆಗಳನ್ನು ಬದಲಾಯಿಸುತ್ತ ಹತ್ತು ವರ್ಷ ಕಳೆದ ಮೇಲೆ ಊರ ಹೊರವಲಯದಲ್ಲಿ ಒಂದು ಪುಟ್ಟ ಮನೆಯನ್ನು ನಾವು ಮೆಚ್ಚಿದ್ದೆವು. ೨೦೨೫ರ ಮೇ ತಿಂಗಳ ೨೦ರಂದು ಕರಾರು ಮಾಡಿಕೊಂಡು, ಮನೆಯ ಯಜಮಾನರಿಗೆ ಎರಡು ಲಕ್ಷ ರೂಪಾಯಿ ಮುಂಗಡ ಕೊಟ್ಟೆವು. ಮೂರು ತಿಂಗಳೊಳಗೆ ಉಳಿದ ಹಣ ಕೊಟ್ಟು ಕ್ರಯ ಮಾಡಿಸಿಕೊಳ್ಳಬೇಕು. ತಪ್ಪಿದರೆ ಮುಂಗಡ ನಮ್ಮದಲ್ಲ. ಆ ಎರಡು ಲಕ್ಷದಲ್ಲಿ ಅರ್ಧದಷ್ಟು ನನ್ನಾಕೆಯ ಚಿನ್ನದ ಸರ. ಉಳಿದ ಹಣಕ್ಕೆ ಬ್ಯಾಂಕಿನ ಸಾಲವನ್ನೇ ನೆಚ್ಚಿದ್ದೆವು. ಕಾಲೇಜು ಅಧ್ಯಾಪಕನ ಸಂಬಳ ದೊಡ್ಡದಲ್ಲದಿದ್ದರೂ ತಪ್ಪದೆ ಬರುವಂಥದು. ಬ್ಯಾಂಕುಗಳಿಗೆ ಬೇಕಾದದ್ದೂ ಅಂಥದೇ.

ಜುಲೈ ಮೊದಲನೆಯ ದಿನ ಬ್ಯಾಂಕಿನ ಅಧಿಕಾರಿಗಳು ನನ್ನನ್ನು ಕರೆಸಿಕೊಂಡರು.

"ನಿಮ್ಮ ಸಂಬಳಕ್ಕೆ ಸಾಲ ಕೊಡಲು ನಮ್ಮದೇನೂ ಅಡ್ಡಿಯಿಲ್ಲ ಸಾರ್. ಆದರೆ ಮೊದಲು ಆ ಹಳೆಯ ಬಾಕಿ ತೀರಿಸಿಬಿಡಿ" ಎಂದರು.

"ಯಾವ ಬಾಕಿ?"

ಅವರು ಗಣಕಯಂತ್ರದ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೊಬೈಲಿನ ಮೂಲಕವೇ ಸಾಲ ಹಂಚುವ ಯಾವುದೋ ಒಂದು ಸಂಸ್ಥೆ; ಅದರ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಪಡೆದ ಸಾಲ ೪೮,೦೦೦ ರೂಪಾಯಿ. ಕಟ್ಟಿದ ಕಂತು ಒಂದೂ ಇಲ್ಲ. ಬಡ್ಡಿ, ದಂಡ ಎಲ್ಲ ಸೇರಿ ಬಾಕಿ ೬೧,೩೫೦ ರೂಪಾಯಿ. ಸಾಲಗಾರನ ಹೆಸರು ನನ್ನದು. ಹುಟ್ಟಿದ ದಿನ ನನ್ನದು. ಪ್ಯಾನ್ ಕಾರ್ಡಿನ ಹತ್ತು ಅಕ್ಷರಾಂಕಗಳೂ ನನ್ನವೇ. ವಿಳಾಸ ಮಾತ್ರ ನಾನು ಕಾಲಿಡದ ಊರಿನದು. ದೂರವಾಣಿ ಸಂಖ್ಯೆ ನಾನು ಕಾಣದ್ದು.

"ಈ ಸಾಲ ನಾನು ಪಡೆದದ್ದಲ್ಲ" ಎಂದೆ.

"ಎಲ್ಲರೂ ಹಾಗೆಯೇ ಹೇಳುತ್ತಾರೆ ಸಾರ್" ಎಂದರು ಅವರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಆಯಾಸವಿತ್ತು. ಹನ್ನೆರಡು ವರ್ಷಗಳಿಂದ ಹಾಜರಿ ಕೂಗುತ್ತ ಬಂದ ನಾನು, "ನಾನು ನಾನೇ" ಎಂಬುದಕ್ಕೆ ಸಾಕ್ಷಿ ಒದಗಿಸಬೇಕಾದ ಸ್ಥಿತಿಯಲ್ಲಿ ಮೊದಲ ಬಾರಿಗೆ ನಿಂತಿದ್ದೆ.

ಮನೆಗೆ ಬಂದು ವಿಷಯ ತಿಳಿಸಿದಾಗ ನನ್ನಾಕೆ ಒಂದು ಗಳಿಗೆ ಸುಮ್ಮನಿದ್ದು, "ಅಷ್ಟು ಹಣದಲ್ಲಿ ನನಗೊಂದು ರೇಷ್ಮೆ ಸೀರೆಯನ್ನಾದರೂ ತರಬಹುದಿತ್ತಲ್ಲ ರೀ, ಅವನು!" ಎಂದಳು. ನಕ್ಕೆವು. ಆದರೆ ಅವಳ ಕೈ ಬರಿಗೊರಳನ್ನು ಮುಟ್ಟಿ ನೋಡಿಕೊಂಡದ್ದನ್ನು ನಾನು ಕಂಡೆ. ನಗದೆ ಇದ್ದವರು ನನ್ನ ತಂದೆಯವರು. ಅರಸೀಕೆರೆಯ ಕಡೆಯ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ಮೇಷ್ಟರಾಗಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರು ಅಂಗಡಿಯಲ್ಲಿ ಉದ್ದರಿ ಬರೆಸಿದವರಲ್ಲ. ಸಂಬಳ ತಡವಾದ ತಿಂಗಳುಗಳಲ್ಲಿ ಮನೆಯಲ್ಲಿ ಕಾಫಿ ನಿಲ್ಲುತ್ತಿತ್ತೇ ಹೊರತು ಕಾಫಿಪುಡಿಯ ಸಾಲ ಬರುತ್ತಿರಲಿಲ್ಲ.

ಆ ಸಂಜೆಯೇ ೧೯೩೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿದೆ. ಸೈಬರ್ ವಂಚನೆಗೆ ಒಳಗಾದವರಿಗಾಗಿ ಇಡೀ ದೇಶಕ್ಕೆ ಇರುವ ಸಹಾಯವಾಣಿ ಇದು. ಖಾತೆಯಿಂದ ಹಣ ಹೋಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಈ ಸಂಖ್ಯೆಗೆ ತಿಳಿಸಬೇಕು. ಹಣ ಕಳ್ಳನ ಕೈ ಸೇರುವ ಮುನ್ನ ದಾರಿಯಲ್ಲಿಯೇ ತಡೆಹಿಡಿಯುವ ಅವಕಾಶ ಆಗ ಇರುತ್ತದೆ. ನನ್ನಂತೆ ಹೆಸರು ಮಾತ್ರ ಕಳುವಾದವರು ಕೇಂದ್ರ ಗೃಹ ಸಚಿವಾಲಯ ೨೦೧೯ರಲ್ಲಿ ತೆರೆದ ಸೈಬರ್ ಅಪರಾಧ ದೂರಿನ ಜಾಲತಾಣದಲ್ಲಿ ದೂರು ಬರೆಯಬಹುದು. ಬರೆದೊಡನೆಯೇ ಒಂದು ಸ್ವೀಕೃತಿ ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ಪಂಚಾಂಗದಂತೆ ಜೋಪಾನವಾಗಿಡಬೇಕು. ಮುಂದೆ ಎಲ್ಲಿ ಹೋದರೂ ಮೊದಲು ಕೇಳುವುದು ಅದನ್ನೇ.

ಮರುದಿನ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಸಭ್ಯ ಗೃಹಸ್ಥರು ಬರೆಯುವಂತೆ ಕೆಳಗೆ ನನ್ನ ವಿಳಾಸ, ದೂರವಾಣಿ ಸಂಖ್ಯೆ ಎಲ್ಲವನ್ನೂ ಕಾಣಿಸಿದ್ದೆ. ಪತ್ರಕ್ಕೆ ಉತ್ತರ ಬರಲಿಲ್ಲ. ಆ ದೂರವಾಣಿ ಸಂಖ್ಯೆಗೆ ವಸೂಲಿಗಾರನ ಕರೆ ಬಂತು. ರಾತ್ರಿ ಎಂಟು ಗಂಟೆ ನಲವತ್ತು ನಿಮಿಷ. ನಾನು ಹೊರಗೆ ಹೋಗಿದ್ದೆ. ಚಾರ್ಜಿಗೆ ಇಟ್ಟಿದ್ದ ನನ್ನ ಮೊಬೈಲನ್ನು ತಂದೆಯವರು ಎತ್ತಿಕೊಂಡರು. "ಮಗನಿಗೆ ಬುದ್ಧಿ ಹೇಳಿ ಯಜಮಾನರೇ, ಸಾಲ ಮಾಡಿ ತಲೆ ತಪ್ಪಿಸಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ" ಎಂದಿತಂತೆ ಆ ದನಿ. ಸಾಲ ವಸೂಲಿಗೆಂದು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಅನಂತರ ಕರೆ ಮಾಡಕೂಡದು, ಮನೆಯವರ ಮಾನ ಕಳೆಯುವಂಥ ಮಾತಾಡಕೂಡದು ಎಂದು ರಿಸರ್ವ್ ಬ್ಯಾಂಕು ೨೦೨೨ರ ಆಗಸ್ಟ್ ೧೨ರಂದು ಸುತ್ತೋಲೆ ಹೊರಡಿಸಿತ್ತು. ತಂದೆಯವರಿಗೆ ಆ ಸುತ್ತೋಲೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ರಾತ್ರಿ ಅವರಿಗೆ ನಿದ್ರೆ ಬರುತ್ತಿತ್ತೆಂದು ಹೇಳಲಾರೆ.

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಅವರು ಮಡಿ ಪಂಚೆಯುಟ್ಟು, ಕೋಟು ಹಾಕಿ, ಪಾಸುಪುಸ್ತಕವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಎಲ್ಲಿಗೆ ಅಪ್ಪ?"

"ಬ್ಯಾಂಕಿಗೆ. ಅರವತ್ತೊಂದು ಸಾವಿರ ತಾನೆ? ಪಿಂಚಣಿಯ ಹಣದಲ್ಲಿದೆ. ಕಟ್ಟಿ ಕೈ ತೊಳೆದುಕೊಳ್ಳೋಣ."

"ನಾವು ಮಾಡದ ಸಾಲವನ್ನು ನಾವೇಕೆ ಕಟ್ಟಬೇಕು?"

"ಸಾಲ ನಮ್ಮದಲ್ಲದಿರಬಹುದಪ್ಪ. ಹೆಸರು ನಮ್ಮದಲ್ಲವೆ?"

ಈ ಪ್ರಶ್ನೆಗೆ ನನ್ನಲ್ಲಿ ಒಡನೆ ಉತ್ತರವಿರಲಿಲ್ಲ. ನಮ್ಮಂಥ ಮಧ್ಯಮವರ್ಗದ ಮನೆಗಳ ಮರ್ಮವನ್ನೇ ಅವರು ಮುಟ್ಟಿದ್ದರು. ನಮಗೆ ಹಣಕ್ಕಿಂತ ನಾಲ್ಕು ಜನರ ಮಾತು ದೊಡ್ಡದು. ಬಾಗಿಲಿಗೆ ವಸೂಲಿಗಾರ ಬಂದರೆ ಎದುರು ಮನೆಯವರು ಏನೆಂದುಕೊಂಡಾರು, ಕಾಲೇಜಿನಲ್ಲಿ ತಿಳಿದರೆ ಏನಾದೀತು, ನಾಳೆ ಮಕ್ಕಳ ಮದುವೆಯ ಮಾತು ಬಂದಾಗ ಯಾರಾದರೂ ಎತ್ತಿ ಆಡಿದರೆ ಗತಿಯೇನು, ಹೀಗೆ ಲೆಕ್ಕ ಹಾಕುತ್ತ ನಾವು ತಪ್ಪಿಲ್ಲದೆಯೂ ತಲೆ ತಗ್ಗಿಸುತ್ತೇವೆ. ಹೆಸರನ್ನು ಕದಿಯುವವನಿಗೆ ಇದು ಚೆನ್ನಾಗಿ ಗೊತ್ತು. ಅವನ ಬಂಡವಾಳ ನಮ್ಮ ಪ್ಯಾನ್ ಸಂಖ್ಯೆಯಷ್ಟೇ ಅಲ್ಲ, ನಮ್ಮ ನಾಚಿಕೆಯೂ ಹೌದು.

ತಂದೆಯವರನ್ನು ಕೂರಿಸಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಈಗ ವಕೀಲನಾಗಿರುವ ಆತ ಮೇಷ್ಟರಿಗೆ ಪಾಠ ಹೇಳುವ ಸಂಕೋಚದಿಂದಲೇ ವಿವರಿಸಿದ. ಹಣ ಕಟ್ಟಿದರೆ ಸಾಲ ನಮ್ಮದೆಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಕಟ್ಟಿದ ಮೇಲೂ, ಈ ಮನುಷ್ಯ ತಿಂಗಳುಗಟ್ಟಲೆ ಬಾಕಿಯುಳಿಸಿ ಕೊನೆಗೆ ತೀರಿಸಿದ ಎಂಬ ಗುರುತು ವರದಿಯಲ್ಲಿ ಉಳಿದೇ ಇರುತ್ತದೆ. ಕಳ್ಳ ಇನ್ನೂ ಎಲ್ಲೆಲ್ಲಿ ಇದೇ ಹೆಸರಿನಲ್ಲಿ ಸಾಲ ಎತ್ತಿದ್ದಾನೋ ಅಲ್ಲೆಲ್ಲ ನಮ್ಮ ವಾದ ದುರ್ಬಲವಾಗುತ್ತದೆ. "ಅಜ್ಜಯ್ಯನವರೇ, ಇದು ಅಪರಾಧ, ನೀವು ಅಪರಾಧಿಗಳಲ್ಲ, ಫಿರ್ಯಾದಿಗಳು. ಇದನ್ನು ಕೊನೆಯವರೆಗೂ ಮರೆಯಬೇಡಿ" ಎಂದ.

ಆ ಮಾತು ತಂದೆಯವರಿಗೆ ಹಿಡಿಸಿತು. ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮೊಮ್ಮಗಳಿಂದ ನೂರು ಪುಟದ ಒಂದು ನೋಟುಬುಕ್ಕನ್ನು ಪಡೆದು, ಕೆಂಪು ಶಾಯಿಯಲ್ಲಿ ಅಂಕಣಗಳನ್ನು ಗೆರೆಯೆಳೆದರು: ದಿನಾಂಕ, ವೇಳೆ, ಯಾರೊಡನೆ ಮಾತು, ಏನೆಂದರು, ಸ್ವೀಕೃತಿ ಸಂಖ್ಯೆ. ಮೊದಲ ಪುಟದ ಮೇಲೆ ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ "ಹೆಸರಿನ ಹಾಜರಿ ಪುಸ್ತಕ" ಎಂದು ಬರೆದರು. ಮುಂದಿನ ಆರು ವಾರಗಳಲ್ಲಿ ನಮ್ಮನ್ನು ಕಾಪಾಡಿದ್ದು ಆ ಪುಸ್ತಕವೇ. ಕಚೇರಿಗಳು ಮಾತನ್ನು ಮರೆಯುತ್ತವೆ. ಬರಹವನ್ನು ಮರೆಯುವುದು ಅವಕ್ಕೆ ಅಷ್ಟು ಸುಲಭವಲ್ಲ.

ಇನ್ನು ನಾವು ನಡೆದ ದಾರಿಯನ್ನು ಕ್ರಮವಾಗಿ ಹೇಳುವುದು ವಾಚಕರಿಗೆ ಉಪಯೋಗವಾದೀತು.

ಯಾರು ಎಷ್ಟು ಸಾಲ ಪಡೆದರು, ಹೇಗೆ ತೀರಿಸಿದರು ಎಂಬ ಜಾತಕವನ್ನು ಬರೆದಿಡುವ ನಾಲ್ಕು ಸಂಸ್ಥೆಗಳು ನಮ್ಮ ದೇಶದಲ್ಲಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿ.ಆರ್.ಐ.ಎಫ್. ಹೈಮಾರ್ಕ್. ೨೦೦೫ರ ಒಂದು ಕಾಯಿದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ ಇವು ನಡೆಯುತ್ತವೆ. ಇವುಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿಕೊಂಡು, ನಮ್ಮದಲ್ಲದ ಸಾಲ, ನಮ್ಮದಲ್ಲದ ವಿಳಾಸ, ನಾವು ಹಾಕದ ಅರ್ಜಿ ಯಾವುದಿದ್ದರೂ ಗುರುತು ಹಾಕಿಕೊಂಡೆವು. ಅಂಥ ನಮೂದಿನ ಮೇಲೆ ಆ ಸಂಸ್ಥೆಯ ಜಾಲತಾಣದಲ್ಲಿಯೇ ತಕರಾರು ದಾಖಲಿಸಬೇಕು. ಮೂವತ್ತು ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ ಸಾಲ ಕೊಟ್ಟವರ ಪಾಲು ಇಪ್ಪತ್ತೊಂದು ದಿನ. ತಡವಾದರೆ, ೨೦೨೪ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ತಡಮಾಡಿದವರು ದಿನಕ್ಕೆ ನೂರು ರೂಪಾಯಿಯಂತೆ ನಮಗೆ ಪರಿಹಾರ ಕೊಡಬೇಕು. ಜುಲೈ ೪ರಂದು ನಾವು ತಕರಾರು ಹಾಕಿದೆವು.

ಅದೇ ದಿನ ಪೊಲೀಸ್ ಠಾಣೆಗೂ ಹೋದೆವು. ಸೈಬರ್ ಅಪರಾಧಗಳಿಗೆಂದೇ ಮೀಸಲಾದ ಠಾಣೆ ನಮ್ಮ ದೇಶದಲ್ಲಿ ಮೊದಲು ತೆರೆದದ್ದು ಬೆಂಗಳೂರಿನಲ್ಲಿ, ೨೦೦೧ರಲ್ಲಿ. ಈಗ ಜಿಲ್ಲೆಗಳಲ್ಲಿಯೂ ಇವೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಪ್ರಕರಣದಂತೆ ಮತ್ತೊಬ್ಬರ ಗುರುತನ್ನು ವಂಚನೆಯಿಂದ ಬಳಸಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ಗಣಕಯಂತ್ರದ ಮೂಲಕ ಬೇರೊಬ್ಬನಂತೆ ನಟಿಸಿ ಮೋಸ ಮಾಡುವುದಕ್ಕೆ ೬೬ಡಿ ಪ್ರಕರಣವಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೯ನೆಯ ಪ್ರಕರಣವೂ ಸೋಗು ಹಾಕಿ ವಂಚಿಸುವುದನ್ನು ಕುರಿತದ್ದೇ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ದೂರಿನ ಪತ್ರದಲ್ಲಿ ಅವು ಇದ್ದರೆ ಓದುವವರು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ.

ಠಾಣೆಯ ಸ್ವೀಕೃತಿಯ ಪ್ರತಿ, ಛಾಪಾ ಕಾಗದದ ಮೇಲೆ ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರ, ಇವೆರಡನ್ನೂ ಲಗತ್ತಿಸಿ ಸಾಲ ಕೊಟ್ಟ ಸಂಸ್ಥೆಗೆ ಎರಡನೆಯ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಈ ಬಾರಿ ಬೇಡಿಕೊಳ್ಳಲಿಲ್ಲ, ಕೇಳಿದೆವು: ಸಾಲದ ಕರಾರು ಎಲ್ಲಿದೆ? ಗುರುತಿಗೆ ಪಡೆದ ದಾಖಲೆಗಳು ಯಾವುವು? ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಯಿತು? ಆ ಖಾತೆ ನನ್ನದೆಂದು ನೀವು ಹೇಗೆ ನಿಶ್ಚಯಿಸಿದಿರಿ? ನಿರಪರಾಧಿಯ ಪಕ್ಷಕ್ಕೆ ಈ ಕೊನೆಯ ಎರಡು ಪ್ರಶ್ನೆಗಳಷ್ಟು ಬಲವಾದ ಆಯುಧ ಬೇರೊಂದಿಲ್ಲ. ಹೆಸರು ಯಾರದಾದರೂ ಆಗಲಿ, ಹಣ ಹೋದದ್ದು ಕದ್ದವನ ಖಾತೆಗೇ.

ಒಮ್ಮೆ ಮುರಿದ ಬೇಲಿಯ ಬೇರೆ ಕಂಡಿಗಳನ್ನೂ ನೋಡಬೇಕಲ್ಲವೆ? ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆಯೆಂದು ತೋರಿಸುವ 'ಸಂಚಾರ್ ಸಾಥಿ' ಎಂಬ ಜಾಲತಾಣವನ್ನು ದೂರಸಂಪರ್ಕ ಇಲಾಖೆ ೨೦೨೩ರ ಮೇ ತಿಂಗಳಲ್ಲಿ ತೆರೆಯಿತು. ನಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ತಿಳಿಸಬಹುದು. ಆದಾಯ ತೆರಿಗೆಯ ಜಾಲತಾಣದಲ್ಲಿ ನಮ್ಮ ವಾರ್ಷಿಕ ಮಾಹಿತಿ ಪತ್ರವಿದೆ. ನಾವು ಗಳಿಸದ ಆದಾಯ ನಮ್ಮ ಪ್ಯಾನ್ ಸಂಖ್ಯೆಯ ಎದುರು ಕಾಣಿಸಿಕೊಂಡಿದ್ದರೆ ಅದೂ ಕಳವಿನ ಲಕ್ಷಣವೇ. ಜಿ.ಎಸ್.ಟಿ. ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಹುಡುಕಿದರೆ ನಮಗೆ ಗೊತ್ತಿಲ್ಲದ ಅಂಗಡಿಯೊಂದಕ್ಕೆ ನಾವು ಯಜಮಾನರಾಗಿದ್ದೇವೆಯೇ ಎಂಬುದು ತಿಳಿಯುತ್ತದೆ. ನನ್ನ ಹೆಸರಿನಲ್ಲಿ ಅಂಗಡಿಯಿರಲಿಲ್ಲ. ನನ್ನಾಕೆಗೆ ಅದೊಂದು ನಿರಾಶೆ.

ಆಧಾರ್ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಣಿಯಾದ ಆಸ್ತಿ ಪತ್ರಗಳಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ನಕಲಿ ಬೆರಳು ಮಾಡಿ, ಜನರ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಬೆಳಕಿಗೆ ಬಂದುವು. ಕಾಗದವನ್ನು ಬದಲಾಯಿಸಬಹುದು, ಸಂಕೇತಪದವನ್ನು ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸುವುದೆಂತು? ಇದಕ್ಕೆ ಪ್ರಾಧಿಕಾರದವರೇ ಒಂದು ಬೀಗ ಕೊಟ್ಟಿದ್ದಾರೆ. ಅವರ ಜಾಲತಾಣದಲ್ಲಿ ನಮ್ಮ ಬೆರಳಚ್ಚು, ಕಣ್ಣಿನ ಗುರುತುಗಳಿಗೆ ಬೀಗ ಹಾಕಿಡಬಹುದು, ಬೇಕಾದಾಗ ತೆಗೆಯಬಹುದು. ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬುದನ್ನೂ ಅಲ್ಲಿಯೇ ನೋಡಬಹುದು. ಸಹಾಯ ಬೇಕಾದರೆ ಅವರ ದೂರವಾಣಿ ೧೯೪೭. ಸ್ವಾತಂತ್ರ್ಯದ ವರ್ಷವಾದ್ದರಿಂದ ನೆನಪಿಡುವುದು ಸುಲಭ.

ಕಳ್ಳನಿಗೆ ನನ್ನ ಸಂಖ್ಯೆ ಎಲ್ಲಿಂದ ದೊರೆಯಿತೆಂದು ಸ್ನೇಹಿತರು ಕೇಳುತ್ತಾರೆ. ಎಲ್ಲಿಂದಲಾದರೂ ದೊರೆತಿರಬಹುದು. ಮನೆ ಬಾಡಿಗೆಗೆ, ಅಡುಗೆ ಅನಿಲಕ್ಕೆ, ಸಿಮ್ ಕಾರ್ಡಿಗೆ, ಮಗಳ ಶಾಲೆಗೆ, ಯಾತ್ರೆಗೆ ಹೋದ ಊರಿನ ವಸತಿಗೃಹಕ್ಕೆ, ಹೀಗೆ ನಮ್ಮ ಕಾರ್ಡುಗಳ ಜೆರಾಕ್ಸ್ ಪ್ರತಿಗಳು ಕೇಳಿದಲ್ಲೆಲ್ಲ ಹೋಗಿವೆ. ಕೊಡದಿದ್ದರೆ ಕೆಲಸ ನಡೆಯದು. ೨೦೨೨ರ ಮೇ ೨೭ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಾರ್ಡಿನ ಪ್ರತಿಯನ್ನು ಯಾರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಬಳಸಿ ಎಂದು ಪ್ರಕಟಣೆ ಕೊಟ್ಟಿತು. ಎರಡೇ ದಿನಗಳಲ್ಲಿ, ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋದರೂ ಆ ಮುಸುಕು ಹಾಕಿದ ಆಧಾರ್ ಇಂದಿಗೂ ದೊರೆಯುತ್ತದೆ. ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿ ಕೊಡುವುದು ತಂದೆಯವರು ಈಗ ನಮ್ಮ ಮನೆಯಲ್ಲಿ ತಂದಿರುವ ಪದ್ಧತಿ.

ಇಷ್ಟೆಲ್ಲ ಮಾಡಿದ ಮೇಲೆ ಉಳಿದದ್ದು ಕಾಯುವುದು. ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ. ಜುಲೈ ಕೊನೆಯ ವಾರದಲ್ಲಿ ಸಂಸ್ಥೆಯವರು ನಾವು ಕೇಳಿದ ದಾಖಲೆಗಳ ಪ್ರತಿ ಕಳುಹಿಸಿದರು. ಅದರಲ್ಲಿ ಸಾಲಗಾರನ ಛಾಯಾಚಿತ್ರವಿತ್ತು. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದ ಹುಡುಗ, ಚೌಕುಳಿ ಅಂಗಿ, ಹಿಂದೆ ಸುಣ್ಣ ಉದುರಿದ ಗೋಡೆ, ಬೆಳಕಿಗೆ ಕಿರಿದಾದ ಕಣ್ಣುಗಳು. ಆ ಮುಖದ ಕೆಳಗೆ ನನ್ನ ಹೆಸರು, ನನ್ನ ತಂದೆಯ ಹೆಸರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗರ ಮುಖವೇ ಅದು. ಅವನೇ ಕಳ್ಳನೋ, ಕಳ್ಳನಿಗೆ ನೂರಿನ್ನೂರು ರೂಪಾಯಿಗೆ ಮುಖ ಕೊಟ್ಟವನೋ, ಅವನ ಮುಖವೂ ನನ್ನ ಹೆಸರಿನಂತೆ ಕಳುವಾದದ್ದೋ ಯಾರು ಹೇಳಬೇಕು? ತಂದೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇವನಿಗೂ ಯಾರೋ ಒಂದು ಹೆಸರಿಟ್ಟಿದ್ದಾರೆ" ಎಂದಷ್ಟೇ ಹೇಳಿ, ನೋಟುಬುಕ್ಕಿನಲ್ಲಿ ಪತ್ರ ಬಂದ ದಿನಾಂಕವನ್ನು ಬರೆದರು.

ಛಾಯಾಚಿತ್ರ ನನ್ನದಲ್ಲವೆಂಬುದು ಕುರುಡನಿಗೂ ಕಾಣುವಂತಿದ್ದರೂ ವರದಿಯಲ್ಲಿನ ಸಾಲ ಅಳಿಯಲಿಲ್ಲ. ಮೂವತ್ತು ದಿನ ಮುಗಿದ ಮರುದಿನವೇ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಬರೆದೆವು. ಸಾಲ ಕೊಟ್ಟವರಿಗೆ ಮೊದಲು ದೂರು ಕೊಟ್ಟು, ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ಈ ಬಾಗಿಲನ್ನು ಯಾರು ಬೇಕಾದರೂ ತಟ್ಟಬಹುದು, ಶುಲ್ಕವಿಲ್ಲ. ಹಾಜರಿ ಪುಸ್ತಕದ ಹದಿನೇಳು ಪುಟಗಳನ್ನು ಜೊತೆಗೆ ಲಗತ್ತಿಸಿದೆವು. ಆಗಸ್ಟ್ ೧೧ರಂದು, ತಕರಾರು ಹಾಕಿದ ಮೂವತ್ತೆಂಟನೆಯ ದಿನ, ಸಾಲ ವರದಿಯಿಂದ ಮಾಯವಾಯಿತು. ಎಂಟು ದಿನ ತಡಮಾಡಿದ್ದಕ್ಕೆ ಸಂಸ್ಥೆಯವರಿಂದ ಎಂಟುನೂರು ರೂಪಾಯಿ ನನ್ನ ಖಾತೆಗೆ ಬಂತು. ತಂದೆಯವರು ಅದನ್ನು ಕೆಂಪು ಶಾಯಿಯಲ್ಲಿ "ಜಮಾ" ಎಂದು ಬರೆದುಕೊಂಡು, ಸಾಲ ಮಾಡದೆಯೇ ಬಡ್ಡಿ ಗಳಿಸಿದ್ದು ತಮ್ಮ ಆಯುಷ್ಯದಲ್ಲಿ ಇದೇ ಮೊದಲೆಂದರು.

ಆದರೆ ಕರಾರಿನ ಗಡುವು ಆಗಸ್ಟ್ ೨೦. ಬ್ಯಾಂಕಿನವರು ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡು ಹಣ ಕೊಡುವ ಹೊತ್ತಿಗೆ ಆ ದಿನ ಕಳೆದುಹೋಗುವುದು ನಿಶ್ಚಯವಾಗಿತ್ತು. ಮನೆಯ ಯಜಮಾನರಿಗೆ ಏನು ಹೇಳುವುದು? ಊರಿನಿಂದ ಹಣ ಬರುವುದು ತಡವಾಯಿತೆಂದು ಏನಾದರೊಂದು ನೆಪ ಹೇಳಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ತಂದೆಯವರು ಕೇಳಲಿಲ್ಲ. ಮತ್ತೆ ಕೋಟು ಹಾಕಿಕೊಂಡರು. ಈ ಸಲ ಅವರ ಕೈಯಲ್ಲಿದ್ದದ್ದು ಪಾಸುಪುಸ್ತಕವಲ್ಲ, ಆ ನೋಟುಬುಕ್ಕು. ರೈಲ್ವೆಯಿಂದ ನಿವೃತ್ತರಾದ ಆ ಹಿರಿಯರ ಜಗಲಿಯಲ್ಲಿ ಕುಳಿತು, ಅವರ ಮನೆಯವರೂ ನೆರೆಯವರಿಬ್ಬರೂ ಕೇಳುತ್ತಿರುವಂತೆಯೇ, ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಪುಟ ತಿರುವುತ್ತ ಓದಿ ಹೇಳಿದರು. ಯಾರಿಗೂ ತಿಳಿಯಬಾರದೆಂದು ಒಂದು ಬೆಳಿಗ್ಗೆ ಅರವತ್ತೊಂದು ಸಾವಿರ ಕಟ್ಟಲು ಹೊರಟಿದ್ದವರು ಇವರೇ ಎಂದು ನಾನು ಬೆರಗಾಗಿ ನೋಡಿದೆ. ಕೇಳಿದ ಮೇಲೆ ಆ ಹಿರಿಯರು ಒಳಗೆ ಹೋಗಿ ತಮ್ಮ ಪ್ಯಾನ್ ಕಾರ್ಡನ್ನು ತಂದು, "ಮೇಷ್ಟ್ರೇ, ನನ್ನದೂ ಒಮ್ಮೆ ನೋಡಿಸಿಕೊಡಿ" ಎಂದರು. ಗಡುವು ಆರು ವಾರ ಮುಂದೆ ಹೋಯಿತು. ಸೆಪ್ಟೆಂಬರ್ ಕೊನೆಯಲ್ಲಿ ಕ್ರಯವಾಯಿತು.

ನಮಗೆ ಆರು ವಾರಗಳಲ್ಲಿ ಮುಗಿದದ್ದು ಎಲ್ಲರಿಗೂ ಹಾಗೆ ಮುಗಿಯುವುದಿಲ್ಲ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬವರನ್ನು ಜಮೀನಿನ ಆಸೆಗೆ ಬಂಧುಗಳು ಸರ್ಕಾರಿ ದಾಖಲೆಯಲ್ಲಿ ಸತ್ತವರನ್ನಾಗಿ ಮಾಡಿಸಿದ್ದರು. ೧೯೭೫ರ ಸುಮಾರಿಗೆ ಸಾಲಕ್ಕೆಂದು ಕಾಗದಪತ್ರ ತರಲು ಹೋದಾಗ ಅವರಿಗೆ ತಮ್ಮ ಮರಣವಾರ್ತೆ ತಿಳಿಯಿತು. ಬದುಕಿದ್ದೇನೆಂದು ದಾಖಲೆಯಲ್ಲಿ ಬರೆಸಿಕೊಳ್ಳುವ ಹೊತ್ತಿಗೆ ೧೯೯೪ ಬಂದಿತ್ತು. ಆ ಹತ್ತೊಂಬತ್ತು ವರ್ಷಗಳಲ್ಲಿ ಅವರು ನಾಚಿ ಮನೆಯಲ್ಲಿ ಕೂರಲಿಲ್ಲ. ತಮ್ಮ ಹೆಸರಿಗೆ 'ಮೃತಕ' ಎಂದು ಸೇರಿಸಿಕೊಂಡು, ತಮ್ಮಂತೆಯೇ ಕಾಗದದಲ್ಲಿ ಸತ್ತವರನ್ನೆಲ್ಲ ಕೂಡಿಸಿ ಒಂದು ಸಂಘವನ್ನೇ ಕಟ್ಟಿದರು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಹೆಸರು ಕಳೆದುಕೊಂಡವರ ಸುತ್ತ ಎರಡನೆಯ ಕಳ್ಳರು ಸುಳಿಯುತ್ತಾರೆ. ಇಷ್ಟು ಸಾವಿರ ಕೊಟ್ಟರೆ ನಿಮ್ಮ ವರದಿಯನ್ನು ಒಂದೇ ವಾರದಲ್ಲಿ ತೊಳೆದು ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ತಕರಾರು ಹಾಕಲು ನಯಾಪೈಸೆಯೂ ಬೇಕಾಗಿಲ್ಲ. ನಿಮ್ಮ ಆಧಾರ್ ದುರುಪಯೋಗವಾಗಿದೆ, ನಿಮ್ಮನ್ನು ಮೊಬೈಲಿನಲ್ಲಿಯೇ ಬಂಧಿಸಿದ್ದೇವೆ, ಯಾರಿಗೂ ಹೇಳದೆ ಹಣ ಕಳುಹಿಸಿ ಎಂದು ಪೊಲೀಸರ ಉಡುಪಿನಲ್ಲಿ ಹೆದರಿಸುವವರೂ ಇದ್ದಾರೆ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. "ಯಾರಿಗೂ ಹೇಳಬೇಡಿ" ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರನ್ನೆಲ್ಲ ಕೂಗಿ ಕರೆಯುವುದೇ ಅದಕ್ಕೆ ಮದ್ದು.

ಸಂಕ್ರಾಂತಿಯ ವಾರದಲ್ಲಿ ಎಳ್ಳು ಬೀರಿ ಮುಗಿದ ಮೇಲೆ ಒಂದು ಸಂಜೆಯನ್ನು ಇದಕ್ಕೆಂದೇ ಮೀಸಲಿಡಿ. ಮನೆಯ ಹಿರಿಯರಿಂದ ಹಿಡಿದು, ಹೊಸದಾಗಿ ಪ್ಯಾನ್ ಕಾರ್ಡು ಮಾಡಿಸಿದ ಮಗನವರೆಗೆ ಎಲ್ಲರ ಉಚಿತ ವರದಿಯನ್ನೂ ತೆಗೆಸಿ ಒಟ್ಟಿಗೆ ಕುಳಿತು ಓದಿ. ಹಿರಿಯರನ್ನು ಖಂಡಿತ ಬಿಡಬೇಡಿ. ಅವರು ಸಾಲ ಮಾಡದವರಾದ್ದರಿಂದ ಅವರ ಹೆಸರು ಕಳ್ಳನಿಗೆ ಹೆಚ್ಚು ಪ್ರಿಯ, ಮತ್ತು ತೊಂದರೆಯಾದರೆ ಮೊದಲು ಬಾಯಿ ಮುಚ್ಚಿಕೊಳ್ಳುವವರೂ ಅವರೇ. ಕಳವು ಕಂಡರೆ ಅದೇ ಸಂಜೆ ದೂರು ಕೊಡಿ. ನೋಟುಬುಕ್ಕೊಂದನ್ನು ತೆರೆದು ದಿನಾಂಕ ಬರೆಯಿರಿ. ನಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮರುದಿನ ಎದುರು ಮನೆಯವರಿಗೂ ವಿಷಯ ತಿಳಿಸಿ. ಅವರು ಏನೆಂದುಕೊಳ್ಳುವರೋ ಎಂಬ ಚಿಂತೆ ಬೇಡ. ಹೆಚ್ಚಾಗಿ ಅವರು ಒಳಗೆ ಹೋಗಿ ತಮ್ಮ ಕಾರ್ಡನ್ನೇ ತರುತ್ತಾರೆ.